ಸಹಾಯ ಬೇಕು: ಕುತ್ತಿಗೆ ಡಿಸ್ಕ್ ಆಪರೇಷನ್ ಮಾಡಿಸಿಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಕೊಪ್ಪಳ ಜಿಲ್ಲೆ, ಗಂಗಾವತಿ ಕಡೆಯವರು. ನಮ್ಮಣ್ಣ ಅಕ್ಕಿ ಮಿಲ್ಲಿನಲ್ಲಿ ಹಮಾಲಿ, ವಯಸ್ಸು 42. ಮೂರು ತಿಂಗಳಿಂದ ಕುತ್ತಿಗೆಯಿಂದ ಬಲಗೈವರೆಗೆ ಕರೆಂಟ್ ಹೊಡೆದ ಹಾಗೆ ನೋವು, ಹೆಬ್ಬೆರಳು ತೋರುಬೆರಳು ಜೋಮು ಹಿಡಿದೇ ಇರುತ್ತವೆ. ಮಾತ್ರೆ, ಫಿಸಿಯೋಥೆರಪಿ ಎಲ್ಲ ಆಯಿತು. ಜಾಸ್ತಿ ಜನರಿಗೆ ಅಷ್ಟರಲ್ಲೇ ವಾಸಿಯಾಗುತ್ತದಂತೆ, ಅಣ್ಣನಿಗೆ ಆಗಲಿಲ್ಲ. ಮೊನ್ನೆ ಊಟಕ್ಕೆ ಕೂತಾಗ ರೊಟ್ಟಿ ಮುರಿಯೋಕೆ ಬಲಗೈಗೆ ಶಕ್ತಿ ಸಾಲದೆ ಎಡಗೈಯಲ್ಲಿ ಹಿಡಿದು ಹಲ್ಲಿನಿಂದ ಕಚ್ಚಿದ, ಅದನ್ನು ನೋಡಿ ಅವ್ವ ಎದ್ದು ಒಳಗೆ ಹೋದಳು.

ಎಂಆರ್‌ಐನಲ್ಲಿ ಸಿ5-ಸಿ6 ಡಿಸ್ಕ್ (ಕುತ್ತಿಗೆಯ ಐದನೇ, ಆರನೇ ಮೂಳೆ ನಡುವಿನ ಮೆತ್ತೆ) ಜಾರಿ ನರ ಒತ್ತುತ್ತಿದೆ ಎಂದು ಬಂದಿದೆ. ಒಬ್ಬ ಡಾಕ್ಟರು ಕುತ್ತಿಗೆಯ ಮುಂದಿನಿಂದ ಡಿಸ್ಕ್ ತೆಗೆದು, ಆ ಜಾಗಕ್ಕೆ ಕೇಜ್ ಅನ್ನೋ ಚಿಕ್ಕ ಆಸರೆ ಇಟ್ಟು ಎರಡು ಮೂಳೆ ಬೆಸೆಯೋಣ ಅಂದರು. ಇನ್ನೊಬ್ಬರು ಕೃತಕ ಡಿಸ್ಕ್ ಹಾಕಿದರೆ ಆ ಜಾಗ ಮೊದಲಿನ ಹಾಗೆ ಆಡುತ್ತದೆ ಅಂದರು.

ನೀವು ಯಾವುದು ಮಾಡಿಸಿದಿರಿ? ಆಪರೇಷನ್ ಆದಮೇಲೆ ನುಂಗೋಕೆ ಕಷ್ಟ, ದನಿ ಒಡೆಯೋದು ಎಷ್ಟು ದಿನ ಇತ್ತು? ಮತ್ತೆ ಮೂಟೆ ಹೊರಬಹುದಾ, ಇದೇ ನಮ್ಮ ದೊಡ್ಡ ಚಿಂತೆ, ಮನೆ ನಡೆಯೋದೇ ಅವನ ದುಡಿಮೆಯಿಂದ. ಬಿಪಿಎಲ್ ಕಾರ್ಡ್ ಇದೆ. ಹುಬ್ಬಳ್ಳಿ ಕಿಮ್ಸ್ ಅಥವಾ ಬೆಂಗಳೂರು ನಿಮ್ಹಾನ್ಸ್‌ನಲ್ಲಿ ಮಾಡಿಸಿದವರು ಇದ್ದರೆ ಯಾವ ಕಾಗದ ಒಯ್ಯಬೇಕು, ಎಷ್ಟು ದಿನ ಕಾಯಬೇಕಾಯಿತು ತಿಳಿಸಿ. ಸುಮ್ನೆ ಕೇಳಿದ್ದು ಬೇಡ, ಅನುಭವ ಇದ್ದವರು ದಯವಿಟ್ಟು ಬರೆಯಿರಿ.