ಬೆಸುಗೆಯ ‘ಸ್ಟ್ರೆಂತ್’ಗೆ ಗಟ್ಟಿತನ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಅಲ್ಯೂಮಿನಿಯಂ ತಗಡುಗಳ ‘ಫ್ರಿಕ್ಷನ್ ಸ್ಟಿರ್ ಸ್ಪಾಟ್ ವೆಲ್ಡಿಂಗ್’ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಸರಲ್ಲೇ ಒಂದು ತೊಡಕಿದೆ. ‘ಸ್ಟ್ರೆಂತ್’ ಅದಕ್ಕಿಂತ ದೊಡ್ಡ ತೊಡಕು.

ಎರಡು ತಗಡುಗಳನ್ನು ಒಂದರ ಮೇಲೊಂದು ಇಡುತ್ತಾರೆ. ತುದಿಯಲ್ಲಿ ಗಿಡ್ಡ ಪಿನ್ ಇರುವ ಟೂಲ್ ಗಿರಗಿರ ತಿರುಗುತ್ತಾ ಅವುಗಳೊಳಗೆ ಇಳಿಯುತ್ತದೆ, ಸ್ವಲ್ಪ ಹೊತ್ತು ಅಲ್ಲೇ ತಿರುಗಿ ಮೇಲೆ ಬರುತ್ತದೆ. ತಿಕ್ಕಾಟದ ಬಿಸಿಗೆ ಲೋಹ ಮೆತ್ತಗಾಗಿ ಬೆಸೆದುಕೊಳ್ಳುತ್ತದೆ. ಕರಗುವುದಿಲ್ಲ. ಹಾಗಾಗಿ ‘ಸ್ಟಿರ್’ಗೆ ‘ಕಲಕು’ ನನಗೆ ಒಪ್ಪಿಗೆಯಿಲ್ಲ, ಕಲಕುವುದು ನೀರಾದದ್ದನ್ನು ಅಲ್ವಾ? ‘ತಿಕ್ಕಿ ನಾದಿದ ಚುಕ್ಕಿ ಬೆಸುಗೆ’ ಎಂದಿಟ್ಟಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಲ್ಲ. ಬೆಂಕಿ ಕಡೆಯುತ್ತಾರಲ್ಲ, ಆ ‘ಕಡೆ’ಯೂ ಹೊಳೆದಿತ್ತು. ಆದರೆ ‘ಕಡೆಬೆಸುಗೆ’ ಅಂದರೆ ಕೊನೆಯ ಬೆಸುಗೆ ಅಂದುಕೊಂಡಾರು. ಬಿಟ್ಟೆ.

ಈಗ ‘ಸ್ಟ್ರೆಂತ್’. ಮಾತಿನಲ್ಲಿ ‘ಬೆಸುಗೆ ಗಟ್ಟಿಯಾಗಿದೆ’ ಅಂದುಬಿಡುತ್ತೇವೆ. ಆದರೆ ‘ಹಾರ್ಡ್‌ನೆಸ್’ಗೂ, ಅಂದರೆ ಚುಚ್ಚಿ ಒತ್ತಿದರೂ ತಗ್ಗು ಬೀಳದ ಗುಣಕ್ಕೂ, ಗಟ್ಟಿತನವೇ. ಇಲ್ಲಿ ಎರಡೂ ಒಂದಲ್ಲ. ತಗಡುಗಳು ಕೂಡುವ ಗೆರೆ ಪಿನ್ನಿನ ಸುತ್ತ ಮೇಲಕ್ಕೆ ಬಾಗುತ್ತದೆ, ಕೊಕ್ಕೆಯ ಹಾಗೆ. ಬಿರುಕು ಹುಟ್ಟುವುದು ಹೆಚ್ಚಾಗಿ ಅಲ್ಲೇ. ಕೊಕ್ಕೆ ಮೇಲೆ ಹೋದಷ್ಟೂ ಅದರ ಮೇಲೆ ಉಳಿಯುವ ಲೋಹ ತೆಳು. ಟೂಲನ್ನು ಜಾಸ್ತಿ ಆಳಕ್ಕೆ ಒತ್ತಿದರೆ ಬೆಸೆದ ಜಾಗ ಅಗಲವಾಗಬಹುದು, ಆದರೆ ಮೇಲಿನ ತಗಡು ಒತ್ತಿಹೋಗಿ ತೆಳ್ಳಗಾಗುತ್ತದೆ. ಲೋಹ ಎಷ್ಟು ಗಟ್ಟಿ ಎಂದು ನೋಡಿದರೆ ಇದ್ಯಾವುದೂ ತಿಳಿಯುವುದಿಲ್ಲ.

‘ಶಕ್ತಿ’ಯನ್ನು ಶಾಲೆಯ ಪಠ್ಯ ಎನರ್ಜಿಗೆ ಕೊಟ್ಟಾಗಿದೆ. ‘ಬಲ’ ಫೋರ್ಸ್‌ಗೆ ಹೋಗಿದೆ. ತಮಾಷೆ ಅಂದರೆ, ಚುಕ್ಕಿ ಬೆಸುಗೆಯ ಮಟ್ಟಿಗೆ ‘ಬಲ’ವೇ ಸರಿ! ಇದರ ಸ್ಟ್ರೆಂತನ್ನು ಸಾಮಾನ್ಯವಾಗಿ ಹೇಳುವುದು ಬಲವನ್ನೇ ಅಳೆಯುವ ಕಿಲೋನ್ಯೂಟನ್‌ನಲ್ಲಿ, ಇಷ್ಟು ಜಾಗಕ್ಕೆ ಇಷ್ಟು ಬಲ ಎನ್ನುವ ಮೆಗಾಪಾಸ್ಕಲ್‌ನಲ್ಲಿ ಅಲ್ಲ. ಒಂದು ಚುಕ್ಕಿ ಹರಿಯುವ ಮುನ್ನ ಎಷ್ಟು ಎಳೆತ ತಾಳಿತು ಎಂಬ ಲೆಕ್ಕ. ಅದಕ್ಕೇ ‘ತಾಳುವ ಬಲ’ ಎಂದೆ. ಒಂದೇ ಪದ ಮಾಡೋಣ ಅಂದರೆ ‘ತಾಳ್ಮೆ’ ಆಗಲೇ ಮನುಷ್ಯರ ಪಾಲಾಗಿದೆ.

ಎಳೆತದಲ್ಲೂ ಎರಡು ಬಗೆ. ತಗಡುಗಳನ್ನು ಅವುಗಳ ಉದ್ದಕ್ಕೇ ಎದುರುಬದುರು ಎಳೆದರೆ ‘ಜಾರೆಳೆತ’. ಅಡ್ಡಡ್ಡ ಬೆಸೆದು ಮೇಲಕ್ಕೂ ಕೆಳಕ್ಕೂ ಎಳೆದರೆ ‘ಕಿತ್ತೆಳೆತ’. ಎರಡನೆಯದರಲ್ಲಿ ತಾಳುವ ಬಲ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಸುಮ್ನೆ ‘ಇಷ್ಟು ಬಲ’ ಎಂದರೆ ಅರ್ಧ ಮಾತು. ಈ ಎರಡು ಪದ ನಾನೇ ಕಟ್ಟಿದ್ದು. ಕಿವಿಗೆ ಹೇಗಿವೆ?

ಕೊನೆಯದು ‘ಗುಂಡಿ’. ಪಿನ್ ಮೇಲೆ ಬಂದ ಜಾಗದಲ್ಲಿ ಗುಂಡಿ ಉಳಿಯುತ್ತದೆ. ಎಳೆದಾಗ ಕೆಲವೊಮ್ಮೆ ಬೆಸೆದ ಭಾಗ ಇಡಿಯಾಗಿ ಒಂದು ತಗಡಿನಿಂದ ಕಿತ್ತು ಬರುತ್ತದೆ, ಅಂಗಿಯ ಗುಂಡಿಯ ಹಾಗೆ. ‘ಗುಂಡಿ ಕಿತ್ತುಬಂತು’ ಎಂದು ಬರೆದು ನಾನೇ ನಕ್ಕೆ. ಸದ್ಯಕ್ಕೆ ತೂತಿಗೆ ‘ಕುಳಿ’, ಕಿತ್ತು ಬರುವುದಕ್ಕೆ ‘ಗುಂಡಿ’ ಎಂದು ಹಂಚಿದ್ದೇನೆ. ‘ಕುಳಿ’ ಓದಿದರೆ ಪಿನ್ನಿನ ಗುರುತು ಕಣ್ಣಿಗೆ ಬರುತ್ತದಾ, ಇಲ್ಲಾ ಬೇರೆ ಪದ ಇದೆಯಾ?