ಊರು, ಉರ್, ಊರ್: ಸದ್ದು ಒಂದೇ, ಬೇರೂ ಒಂದೇನಾ?

ಪದಪ್ರೇಮಿ ಕೇಳಿದ್ದು:

ಇರಾಕಿನ ಹಳೆಯ ಪಟ್ಟಣ ಉರ್ ಬಗ್ಗೆ ಓದುತ್ತಿದ್ದೇನೆ. ಸುಮೇರಿಯನ್ನರ ಪಟ್ಟಣ ಅದು. ಬ್ರಿಟಿಷ್ ಪುರಾತತ್ವಜ್ಞ ಲಿಯೊನಾರ್ಡ್ ವುಲಿ 1922ರಿಂದ 1934ರವರೆಗೆ ಅಗೆಸಿದ ಜಾಗ. ಅವರ ಸುಮೇರಿಯನ್ ಭಾಷೆಯಲ್ಲಿ ಪಟ್ಟಣಕ್ಕೆ 'ಉರು' ಅನ್ನುತ್ತಿದ್ದರಂತೆ. ಅದೇ ನಾಡಿನಲ್ಲಿ ನಿಪ್ಪುರ್ ಅಂತ ಇನ್ನೊಂದು ಪಟ್ಟಣವೂ ಇತ್ತು. ನಮ್ಮಲ್ಲಿ ಮೈಸೂರು, ತಮಿಳಿನಲ್ಲಿ ತಂಜಾವೂರು, ತೆಲುಗಿನಲ್ಲಿ ನೆಲ್ಲೂರು. ಉರ್ ಅಂದರೆ ನಮ್ಮ ಊರೇ, ಇಲ್ಲಿನವರೇ ಅಲ್ಲಿಗೆ ಹೋಗಿ ಕಟ್ಟಿದ್ದು ಎನ್ನುವ ಬರಹಗಳು ಬಹಳ ಓಡಾಡುತ್ತಿವೆ. ಸದ್ದು ಒಂದೇ, ಅರ್ಥವೂ ಹೆಚ್ಚುಕಮ್ಮಿ ಒಂದೇ. ಇವು ನಿಜವಾಗಿ ಒಂದೇ ಪದವಾ? ಅಲ್ಲ ಅನ್ನುವುದಾದರೆ ಯಾವ ಆಧಾರದ ಮೇಲೆ? ಸುಮ್ನೆ 'ಕಾಕತಾಳೀಯ' ಅಂತ ಹೇಳಿ ಮುಗಿಸಬೇಡಿ, ದಯವಿಟ್ಟು. ಊರು ನನಗೆ ತುಂಬಾ ಇಷ್ಟದ ಪದ. ಅದರ ಬೇರು ಗೊತ್ತಾಗಬೇಕು.

ಹಳಗನ್ನಡದವನು ಬರೆದದ್ದು:

ಒಳ್ಳೆಯ ಪ್ರಶ್ನೆ. ಆದರೆ ಇರಾಕಿಗೆ ಹೋಗುವ ಮೊದಲು ಕನ್ನಡದೊಳಗೇ ಒಂದು ಸುತ್ತು ಹಾಕಿ ಬರೋಣ. ಕನ್ನಡದಲ್ಲೇ 'ಊರು' ಒಂದು ಪದ ಅಲ್ಲ. ಒಂದೇ ಬಟ್ಟೆ ತೊಟ್ಟ ನಾಲ್ಕು ಪದಗಳು.

ಜನ ಇರುವ ಜಾಗ ಒಂದು ಊರು. ಕೋಲೂರು, ಕಾಲೂರು ಅನ್ನುವಾಗ ಬರುವ ಊರು ಇನ್ನೊಂದು. ಬಾವಿಯಲ್ಲಿ ನೀರು ಊರುತ್ತದೆ, ಬಾಯಲ್ಲೂ ನೀರೂರುತ್ತದೆ, ಅದು ಮತ್ತೊಂದು. ದುರ್ಯೋಧನನ ಊರುಭಂಗದ ಊರು ಸಂಸ್ಕೃತದ್ದು, ತೊಡೆ ಅಂತ ಅರ್ಥ. ಈ ತೊಡೆಯನ್ನು ಪಕ್ಕಕ್ಕಿಡಿ, ಅದು ಬೇರೆ ಮನೆತನದ್ದು. ಉಳಿದ ಮೂರೂ ಅಚ್ಚ ಕನ್ನಡ. ಅವುಗಳ ನಂಟು ಏನು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

'ಜನ ಕಾಲೂರಿದ ಜಾಗವೇ ಊರು' ಎಂಬ ವಿವರಣೆಯನ್ನು ನೀವೂ ಕೇಳಿರುತ್ತೀರಿ. ಕೇಳಲು ಚೆನ್ನಾಗಿದೆ, ಅರ್ಥವೂ ಹೊಂದುತ್ತದೆ. ಆದರೆ ನಿಲ್ಲುವುದಿಲ್ಲ. ಹಳಗನ್ನಡದಲ್ಲಿ ರ ಬೇರೆ, ಱ ಬೇರೆ. ಎರಡನೆಯದು ಗಡಸು ಸದ್ದು. ಪಂಪನ ಕಾಲದ, ಅಂದರೆ 10ನೇ ಶತಮಾನದ ಕನ್ನಡದಲ್ಲಿ ಇವೆರಡೂ ಬೇರೆ ಬೇರೆ ಅಕ್ಷರಗಳು. ಆಮೇಲೆ ಱ ನಿಧಾನವಾಗಿ ರ ಜತೆ ಸೇರಿ ಮರೆಯಾಯಿತು. ಜಾಗದ ಊರು ರಕಾರದ್ದು. ಕಾಲೂರುವ ಊರು, ನೀರೂರುವ ಊರು ಎರಡೂ ಱಕಾರದವು. ಬರಹದಲ್ಲಿ ಇವತ್ತು ಒಂದೇ ಥರ ಕಾಣುವುದು ನಾವು ಆ ಅಕ್ಷರ ಕೈಬಿಟ್ಟದ್ದರಿಂದ.

ನಂಬಿಕೆ ಬರದಿದ್ದರೆ ತಮಿಳು ನೋಡಿ. ಅಲ್ಲಿ ಮೂರೂ ಇವತ್ತಿಗೂ ಬೇರೆ ಬೇರೆಯಾಗಿಯೇ ಉಳಿದಿವೆ. ಜಾಗಕ್ಕೆ ಊರ್, ನೆಡುವುದಕ್ಕೆ ಊನ್ಱು, ನೀರು ಜಿನುಗುವುದಕ್ಕೆ ಊಱು. ಕಾಲೂರುವ ಪದದೊಳಗೆ ಒಂದು ನಕಾರವೇ ಅಡಗಿತ್ತು ಅನ್ನುವುದು ಕನ್ನಡ ಒಂದನ್ನೇ ನೋಡಿದರೆ ಗೊತ್ತಾಗುವುದೇ ಇಲ್ಲ! ಇನ್ನೂ ಒಂದು ಇದೆ. ತಮಿಳಿನಲ್ಲಿ ಊರ್ ಎಂಬ ಕ್ರಿಯಾಪದಕ್ಕೆ ತೆವಳು, ಮೆಲ್ಲಗೆ ಸಾಗು ಎಂಬ ಅರ್ಥ. ವಾಹನಕ್ಕೆ ಅವರು ಬಳಸುವ ಊರ್ದಿ ಬಂದದ್ದು ಅದರಿಂದ. ನೆಲೆ ನಿಂತ ಜಾಗಕ್ಕೂ ಸಾಗುವುದಕ್ಕೂ ಒಂದೇ ಸದ್ದು. ಸದ್ದು ಮತ್ತು ಅರ್ಥ ಎರಡೂ ಹೊಂದಿದವು ಅಂತ ಬೇರು ಒಂದೇ ಆಗಬೇಕಿಲ್ಲ. ಅಕ್ಕಪಕ್ಕದ ಭಾಷೆಗಳಲ್ಲಿ ಒಂದೊಂದು ಸದ್ದೂ ಲೆಕ್ಕಕ್ಕೆ ಸಿಗಬೇಕು.

ಈಗ ಸುಮೇರಿಯನ್. ನಾವು ಉರ್ ಅನ್ನುವ ಪಟ್ಟಣವನ್ನು ಸುಮೇರಿಯನ್ನರು ಕರೆಯುತ್ತಿದ್ದದ್ದು ಉರಿಮ್ ಅಂತ. ಕೊನೆಯ ಮಕಾರ ಆಮೇಲೆ ಬಿದ್ದುಹೋಯಿತು. ನಮಗೆ ಪರಿಚಯವಾದ ಗಿಡ್ಡ ರೂಪ ಹೀಬ್ರೂ ಬೈಬಲಿನ 'ಊರ್ ಕಸ್ದೀಮ್' ಮೂಲಕ ಬಂದದ್ದು. ನಿಪ್ಪುರ್ ಎಂಬುದು ಅದೇ ನಾಡಿನ ಇನ್ನೊಂದು ಹಳೆಯ ಭಾಷೆಯಾದ ಅಕ್ಕಾಡಿಯನ್ನಿನ ಹೆಸರು, ಸುಮೇರಿಯನ್ನಿನಲ್ಲಿ ಅದು ನಿಬ್ರು. ಅಲ್ಲಿನ ಇನ್ನೊಂದು ಪಟ್ಟಣ ಉರುಕ್ ಕೂಡ ಅಷ್ಟೇ, ಸುಮೇರಿಯನ್ನರ ಬಾಯಲ್ಲಿ ಅದು ಉನುಗ್. ಅಂದರೆ ಹಳೆಯ ಹೆಸರುಗಳನ್ನು ಎದುರಿಗಿಟ್ಟರೆ ನಿಮಗೆ ಕಂಡ ಆ 'ಊರು' ಸಾಲೇ ಕರಗಿಹೋಗುತ್ತದೆ. ಪಟ್ಟಣ ಎಂಬ ಅರ್ಥದ 'ಉರು' ಒಂದು ಉಳಿಯುತ್ತದೆ. ಅದನ್ನು ಬರೆಯುತ್ತಿದ್ದ ಚಿಹ್ನೆಯನ್ನೂ ಈಗ ಬಹಳ ವಿದ್ವಾಂಸರು 'ಇರಿ' ಎಂದು ಓದುತ್ತಾರೆ.

ಉಳಿದ ಪದಗಳನ್ನೂ ಹೋಲಿಸಿ. ಎರಡು ಅನ್ನುವುದಕ್ಕೆ ಸುಮೇರಿಯನ್ನರು ಮಿನ್ ಅನ್ನುತ್ತಿದ್ದರು, ಮೂರಕ್ಕೆ ಎಶ್. ಕೈ ಅಂದರೆ ಶು. ನೀರು ಅಂದರೆ ಆ. ಮನೆ ಅಂದರೆ ಎ. ಭಾಷೆಗಳು ನಿಜವಾಗಿ ನೆಂಟರಾಗಿದ್ದರೆ ಗುರುತು ಇಂಥ ದಿನಬಳಕೆಯ ಪದಗಳಲ್ಲೇ ಮೊದಲು ಸಿಗಬೇಕು. ನೀರಿಗೆ ತಮಿಳು, ಮಲಯಾಳ, ಕನ್ನಡ, ತೆಲುಗು ನಾಲ್ಕರಲ್ಲೂ ನೀರ್, ನೀರು ಇದೆ. ಸುಮೇರಿಯನ್ ಆ ಸಾಲಿನಲ್ಲಿ ಎಲ್ಲೂ ಕೂರುವುದಿಲ್ಲ. ಅದಕ್ಕೆ ಗೊತ್ತಿರುವ ನೆಂಟ ಭಾಷೆಯೇ ಇಲ್ಲ, ಒಂಟಿ ಭಾಷೆ.

ಬಹುಭಾಷೆಯವಳು ಬರೆದದ್ದು:

ಮೇಲಿನ ಉತ್ತರಕ್ಕೆ ಸ್ವಲ್ಪ ಸೇರಿಸುತ್ತೇನೆ. ನನಗೆ ಈ ಎರಡಕ್ಷರದ ಪದಗಳ ಹುಚ್ಚು ಜಾಸ್ತಿ.

ಸ್ಪೇನ್ ಮತ್ತು ಫ್ರಾನ್ಸ್ ಗಡಿಯಲ್ಲಿ ಬಾಸ್ಕ್ ಭಾಷೆ ಇದೆ. ಅದೂ ಒಂಟಿ ಭಾಷೆ. ಅಲ್ಲಿ 'ಉರ್' ಅಂದರೆ ನೀರು. ಜರ್ಮನ್ನಿನಲ್ಲಿ ಪದದ ಮುಂದೆ 'ಊರ್' ಬಂದರೆ 'ಮೂಲದ, ಮೊಟ್ಟಮೊದಲ' ಎಂದರ್ಥ. ಮೂಲಭಾಷೆಗೆ ಅವರು ಊರ್‌ಶ್ಪ್ರಾಖೆ ಅನ್ನುತ್ತಾರೆ. ಸ್ವೀಡಿಷ್‌ನಲ್ಲಿ 'ಉರ್' ಅಂದರೆ 'ಒಳಗಿಂದ ಹೊರಗೆ', ಇದು ಜರ್ಮನ್ನಿನ ಆ ಊರ್‌ನ ನೆಂಟ. ಅದೇ ಸ್ವೀಡಿಷ್‌ನಲ್ಲಿ ಗಡಿಯಾರಕ್ಕೂ 'ಉರ್'. ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯ ಒಂದು ಅಕ್ಷರದ ಹೆಸರೂ 'ಊರ್'. ಈ ಅಕ್ಷರಗಳ ಹೆಸರನ್ನು ವಿವರಿಸುವ ಹಳೆಯ ಪದ್ಯಗಳಿವೆ. ಅದರ ಅರ್ಥ ಹಳೆಯ ಇಂಗ್ಲಿಷ್ ಪದ್ಯದಲ್ಲಿ ಕಾಡೆತ್ತು, ನಾರ್ವೆಯ ಪದ್ಯದಲ್ಲಿ ಕಬ್ಬಿಣದ ಕಿಟ್ಟ, ಐಸ್‌ಲ್ಯಾಂಡಿನದರಲ್ಲಿ ಸೋನೆ ಮಳೆ. ಒಂದೇ ಅಕ್ಷರ, ಒಂದೇ ಹೆಸರು, ನೆಂಟ ಭಾಷೆಗಳೇ. ಆದರೂ ಮೂರು ಅರ್ಥ!

ಒಂದು ಸ್ವರ, ಒಂದು ರಕಾರ. ಇಷ್ಟು ಚಿಕ್ಕ ಪದ ಸಾವಿರಾರು ಭಾಷೆಗಳಲ್ಲಿ ಹುಟ್ಟಿಯೇ ಹುಟ್ಟುತ್ತದೆ. ಅರ್ಥವೂ ಎಲ್ಲೋ ಒಂದೆರಡು ಕಡೆ ತಾಗುವುದು ಸಹಜ. ಆಸ್ಟ್ರೇಲಿಯಾದ ಎಂಬಬರಮ್ ಎಂಬ ಭಾಷೆಯಲ್ಲಿ ನಾಯಿಗೆ ಡಾಗ್ ಅಂತಲೇ ಹೇಳುತ್ತಿದ್ದರು. ಇಂಗ್ಲಿಷಿನಿಂದ ತಂದ ಪದ ಅಲ್ಲ. ಅಲ್ಲಿನ ನೆರೆಭಾಷೆಗಳಲ್ಲಿರುವ ಗುಡಗ ಎಂಬ ರೂಪವೇ ಸವೆದು ಹಾಗಾಯಿತು ಎಂದು ಭಾಷಾವಿಜ್ಞಾನಿ ಆರ್. ಎಂ. ಡಬ್ಲ್ಯು. ಡಿಕ್ಸನ್ ತೋರಿಸಿಕೊಟ್ಟರು.

ನನಗೆ ಇದಕ್ಕಿಂತ ಖುಷಿ ಕೊಡುವುದು ಇನ್ನೊಂದು ಬಗೆಯ ಪದಗಳು. ನೋಡಲು ಏನೂ ಹೋಲಿಕೆ ಇರುವುದಿಲ್ಲ, ಆದರೆ ಒಂದೇ ಬೇರು. ಈಗ ಹೇಳಿದ ಸ್ವೀಡಿಷ್ ಗಡಿಯಾರ, ಜರ್ಮನ್ನಿನ ಗಡಿಯಾರ 'ಊರ್', ಇಂಗ್ಲಿಷಿನ ಅವರ್, ಎಲ್ಲದರ ಹಿಂದೆ ಲ್ಯಾಟಿನ್ನಿನ ಹೋರ ಇದೆ. ಲ್ಯಾಟಿನ್ನಿಗೆ ಅದು ಗ್ರೀಕಿನಿಂದ ಬಂತು. ಅದೇ ಗ್ರೀಕ್ ಪದ ಜ್ಯೋತಿಷದ ಜತೆ ಭಾರತಕ್ಕೂ ಬಂತು. ನಮ್ಮ ಪಂಚಾಂಗದಲ್ಲಿರುವ ಹೋರಾ ಅದೇ! 'ಅಹೋರಾತ್ರ'ದ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟರೆ ಹೋರಾ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ ಅಂತ 6ನೇ ಶತಮಾನದ ವರಾಹಮಿಹಿರನೇ ಬರೆದಿದ್ದಾನೆ. ಕಾಲೂರಿದ ಜಾಗ ಊರು ಅನ್ನುವ ವಿವರಣೆಯ ಅಣ್ಣ ಇದು. ಜರ್ಮನ್ ಗಡಿಯಾರದ ಊರ್‌ಗೆ ನಮ್ಮ ಊರು ಏನೂ ಅಲ್ಲ, ನಮ್ಮ ಹೋರಾ ನೆಂಟ. ಇದನ್ನು ಮೊದಲ ಸಲ ಓದಿದಾಗ ಕುಣಿದಾಡಿದ್ದೆ.

ಪದಪ್ರೇಮಿ ಬರೆದದ್ದು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆ ಱ ಕಥೆ ಓದಿ ಹಳಗನ್ನಡ ಕಲಿಯಲೇಬೇಕು ಅನ್ನಿಸಿದೆ. ಒಂದು ಉಳಿಯಿತು. ಪುರ ಮತ್ತು ಊರು ಹೇಗೆ? ಜೈಪುರ, ಸಿಂಗಪುರ ಇವೆಲ್ಲ ಇವೆಯಲ್ಲ. ಪಕಾರ ಹಕಾರವಾಗಿ, ಹಕಾರ ಬಿದ್ದುಹೋಗಿ, ಪುರವೇ ಊರು ಆಯಿತು ಅನ್ನಬಹುದಾ? ಹಾಲು, ಹೂವು ಎಲ್ಲ ಪಕಾರದಿಂದಲೇ ಬಂದದ್ದು, ಅಲ್ವಾ?

ಹಳಗನ್ನಡದವನು ಬರೆದದ್ದು:

ತಮಿಳು, ಮಲಯಾಳ, ಕನ್ನಡ, ತೆಲುಗು ಈ ನಾಲ್ಕರಲ್ಲಿ ಪ ಹೋಗಿ ಹ ಆದದ್ದು ಕನ್ನಡದಲ್ಲಿ ಮಾತ್ರ. ತಮಿಳು, ತೆಲುಗಿನಲ್ಲಿ ಇವತ್ತಿಗೂ ಪಾಲ್, ಪಾಲು, ಪೂವು ಅಂತಲೇ ಇದೆ. ಊರು ಪುರದಿಂದ ಬಂದದ್ದಾಗಿದ್ದರೆ ತಮಿಳಿನಲ್ಲಿ ಪೂರ್ ಅಂತ ಉಳಿಯಬೇಕಿತ್ತು. ಅಲ್ಲೂ ಊರ್ ಅಂತಲೇ ಇದೆ. ಕನ್ನಡದಲ್ಲೂ ಹಕಾರ ಕಾಲಿಡುವ ಮುಂಚಿನ ಬರಹಗಳಲ್ಲಿ ಊರ್ ಎಂದೇ ಇದೆ. ಹಾಗಾಗಿ ಇಲ್ಲ.

ಪುರ ಸಂಸ್ಕೃತದ್ದು. ಮೊದಲಿಗೆ ಕೋಟೆ ಎಂಬ ಅರ್ಥ. ಅದರ ನೆಂಟರು ಗ್ರೀಕಿನ ಪೊಲಿಸ್, ಲಿಥುವೇನಿಯನ್ ಭಾಷೆಯಲ್ಲಿ ಕೋಟೆಗೆ ಹೇಳುವ ಪಿಲಿಸ್. ಊರು ಮತ್ತು ಪುರ ಹತ್ತಿರದವು ಅನ್ನಿಸಲು ಇಂಗ್ಲಿಷ್ ಬರವಣಿಗೆಯೂ ಒಂದು ಕಾರಣ. ಊರನ್ನು ಅವರು ಓರ್ ಮಾಡಿದರು, ಸಿಂಗಪುರದ ಪುರವನ್ನು ಪೋರ್ ಮಾಡಿದರು. ಮ್ಯಾಂಗಲೋರ್, ಸಿಂಗಾಪೋರ್ ಒಂದೇ ಸಾಲಿನಲ್ಲಿ ನಿಂತವು. 2014ರ ನವೆಂಬರ್ 1ರಿಂದ ನಮ್ಮ ಪಟ್ಟಣಗಳ ಹೆಸರು ಇಂಗ್ಲಿಷಿನಲ್ಲೂ ಊರು ಅಂತ ಆದದ್ದು ನನಗೆ ಬಹಳ ಸಂತೋಷದ ವಿಷಯ. ಪದದ ಬಾಲ ಪದಕ್ಕೆ ವಾಪಸ್ ಸಿಕ್ಕಿತು.

ಹೊರಗಿನವರ ಬರವಣಿಗೆ ನೋಡಿ ಬೇರು ಹುಡುಕಬಾರದು ಅನ್ನುವುದಕ್ಕೆ ಇನ್ನೂ ಹಳೆಯ ಉದಾಹರಣೆ ಇದೆ. 2ನೇ ಶತಮಾನದಲ್ಲಿ ಗ್ರೀಕ್ ಭೂಗೋಳಕಾರ ಟಾಲೆಮಿ ಚೇರರ ರಾಜಧಾನಿಯನ್ನು ಕರೂರ ಎಂದು ಬರೆದ. ಅದು ಈಗಿನ ಕರೂರು ಎಂದು ಗುರುತಿಸುತ್ತಾರೆ. ಅಲ್ಲಿರುವುದು ನಿಜವಾದ ಊರು. ಪಾಂಡ್ಯರ ರಾಜಧಾನಿಯನ್ನು ಅವನು ಮೊದೂರ ಎಂದು ಬರೆದ. ಎರಡರ ಬಾಲವೂ ಗ್ರೀಕಿನಲ್ಲಿ ಒಂದೇ. ಆದರೆ ಎರಡನೆಯದು ಮದುರೆ, ಅದರಲ್ಲಿ ಊರು ಇಲ್ಲ.