ಅಪ್‌ಡೇಟ್: ಆಟಿಸಂ ಇರೋ ಮಗನಿಗೆ ಯೋಗ ಥೆರಪಿ

ಹನ್ನೊಂದು ವರ್ಷದ ಮಗನಿಗೆ ಆಟಿಸಂ ಇದೆ, ಒಂದು ಕಡೆ ಕೂರಲ್ಲ, ಯೋಗ ಥೆರಪಿಗೆ ಹಾಕಬಹುದಾ ಅಂತ ಕೇಳಿದ್ದೆ. ಸೇರಿಸಿದ್ದೇವೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕಣ್ಣು ಮುಚ್ಚಿಸಿ ಪದ್ಮಾಸನ ಹಾಕಿಸೋದೆಲ್ಲ ಅಲ್ಲಿಲ್ಲ. ಯೋಗ ಹೇಳಿಕೊಡೋ ಮೇಡಂ ಚಾಪೆ ಮುಂದೆ ಆಸನದ ಚಿತ್ರ ಇರೋ ಕಾರ್ಡುಗಳನ್ನ ಸಾಲಾಗಿ ಇಡ್ತಾರೆ. ಒಂದು ಆಸನ ಮುಗಿದರೆ ಅವನೇ ಆ ಕಾರ್ಡ್ ಮಗುಚಿ ಹಾಕಬೇಕು. ಇನ್ನೆಷ್ಟು ಬಾಕಿ ಅಂತ ಕಣ್ಣಿಗೇ ಕಾಣುತ್ತಲ್ಲ, ರಂಪ ಕಮ್ಮಿ. ವೃಕ್ಷಾಸನ ಗೋಡೆ ಹಿಡಿದುಕೊಂಡು ಮಾಡ್ತಾನೆ. ಮೈ ಮುಟ್ಟಿ ತಿದ್ದೋ ಮೊದಲು ಅವನನ್ನೇ ಕೇಳ್ತಾರೆ, ನನಗೆ ತುಂಬಾ ಹಿಡಿಸಿದ್ದು ಅದು. ದುಂಬಿ ಥರ ಗುಂಯ್ ಅನ್ನೋ ಭ್ರಾಮರಿ ಪ್ರಾಣಾಯಾಮ ಮಾತ್ರ ಆಗಿಬರಲಿಲ್ಲ. ಪಕ್ಕದ ಹುಡುಗನ ಝೇಂಕಾರಕ್ಕೇ ಕಿವಿ ಮುಚ್ಚಿಕೊಂಡು ಎದ್ದು ಹೋದ. ಅದನ್ನ ಬಿಟ್ಟುಬಿಟ್ರು.

ಫಿಟ್ಸ್ ಬಗ್ಗೆ ಎಚ್ಚರಿಸಿದವರು ಹೇಳಿದ್ದು ಸರಿ. ಆಟಿಸಂ ಇರೋರಲ್ಲಿ ಫಿಟ್ಸ್ ಸಾಧ್ಯತೆ ಹೆಚ್ಚು, ಅದಕ್ಕೆ ಕಪಾಲಭಾತಿ, ಭಸ್ತ್ರಿಕಾ ಥರದ ಜೋರು ಉಸಿರಾಟ ಡಾಕ್ಟರನ್ನ ಕೇಳದೆ ಬೇಡ ಅಂತ ಮೇಡಂ ಕೂಡ ಅಂದ್ರು.

ಬದಲಾವಣೆ? ನೋಡಿ ಅನುಕರಿಸೋದು ಜಾಸ್ತಿಯಾಗಿದೆ. ನಾನು ಕೈ ಎತ್ತಿದರೆ ಅವನೂ ಎತ್ತುತ್ತಾನೆ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರ 2010ರ ಅಧ್ಯಯನದಲ್ಲೂ ಅನುಕರಣೆ ಸುಧಾರಿಸಿತು ಅಂತಿದೆ, ಆದರೆ ಅದರಲ್ಲಿದ್ದದ್ದು ಬೆರಳೆಣಿಕೆಯ ಮಕ್ಕಳು. ಮಾತು ಇನ್ನೂ ಹಾಗೇ ಇದೆ. 'ಯೋಗದಿಂದ ಆಟಿಸಂ ವಾಸಿ' ಅಂತ ವಾಟ್ಸ್ಯಾಪ್ ಕಳಿಸೋ ನೆಂಟರಿಗೆ ದೊಡ್ಡ ನಮಸ್ಕಾರ! ಸ್ಪೀಚ್ ಥೆರಪಿ, ಓಟಿ (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸ ಕಲಿಸೋ ಥೆರಪಿ) ಎರಡನ್ನೂ ನಿಲ್ಲಿಸಿಲ್ಲ.

ಹದಿನೆಂಟು ದಾಟಿದ ಮಕ್ಕಳ ಬಗ್ಗೆ ಕೆಲವರು ಕೇಳಿದ್ರಲ್ಲ, ಅವರಿಗೆ ಶನಿವಾರ ಬೇರೆ ಬ್ಯಾಚ್ ಇದೆ, ನೆಲದಲ್ಲಿ ಕೂರಲಾಗದವರಿಗೆ ಕುರ್ಚಿ ಮೇಲೇ ಮಾಡಿಸ್ತಾರೆ.